ಯಾವ ನೆಟ್‌ವರ್ಕ್ ಅನ್ನುವ ಮೊದಲು, ಯಾವ ಪುಟ?

ಪ್ರಶ್ನೆ: ಒಂದೂವರೆ ವರ್ಷದಿಂದ ಸೈಕಲ್ ರಿಪೇರಿ ಬಗ್ಗೆ ಬ್ಲಾಗ್ ಬರೆಯುತ್ತಿದ್ದೇನೆ. ತಿಂಗಳಿಗೆ ಸುಮಾರು 12,000 ಪೇಜ್ ವ್ಯೂ ಬರುತ್ತಿವೆ. ಗೂಗಲ್‌ನ ಜಾಹೀರಾತು ಸೇವೆ ಆಡ್‌ಸೆನ್ಸ್ ಹಾಕು ಅಂತ ಒಬ್ಬ ಗೆಳೆಯ ಹೇಳುತ್ತಾನೆ, ಅಫಿಲಿಯೇಟ್‌ನಲ್ಲೇ, ಅಂದರೆ ನಮ್ಮ ಲಿಂಕ್ ಮೂಲಕ ಯಾರಾದರೂ ಕೊಂಡರೆ ಸಿಗುವ ಕಮಿಷನ್ನಿನಲ್ಲೇ ದುಡ್ಡಿರೋದು ಅಂತ ಇನ್ನೊಬ್ಬ. ಈ ನಡುವೆ, ಹೆಸರೇ ಕೇಳಿರದ ಒಂದು ಜಾಹೀರಾತು ನೆಟ್‌ವರ್ಕ್ ‘ಆಡ್‌ಸೆನ್ಸ್‌ಗಿಂತ ಐದು ಪಟ್ಟು ಕೊಡುತ್ತೇವೆ’ ಅಂತ ಮೇಲ್ ಕಳಿಸಿದೆ. ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಇಬ್ಬರು ಗೆಳೆಯರು ಹೇಳಿದ್ದೂ ಸರಿ, ಆದರೆ ಬೇರೆ ಬೇರೆ ಪುಟಗಳಿಗೆ. ಬ್ಲಾಗ್ ಪೂರ್ತಿಗೆ ಒಂದೇ ದಾರಿ ಹುಡುಕಲು ಹೋದರೆ ಲೆಕ್ಕ ತಪ್ಪುತ್ತದೆ. ಮೊದಲು ನಿಮ್ಮ ಪುಟಗಳನ್ನು ಒಂದೊಂದಾಗಿ ತೆರೆದು, ಇಲ್ಲಿಗೆ ಬಂದವರು ಏನು ಮಾಡಲು ಬಂದಿದ್ದಾರೆ ಅಂತ ಕೇಳಿಕೊಳ್ಳಿ.

ಎರಡು ಪುಟಗಳನ್ನೇ ತೆಗೆದುಕೊಳ್ಳೋಣ. ಒಂದು, ‘ಪಂಕ್ಚರ್ ಹಾಕುವುದು ಹೇಗೆ’. ಇನ್ನೊಂದು, ‘ಯಾವ ಪಂಪ್ ಕೊಳ್ಳಬೇಕು’. ಪಂಕ್ಚರ್ ಪುಟ ಓದುವವರ ಚಕ್ರ ಆಗಲೇ ಬಿಚ್ಚಿದೆ. ಫೋನ್ ನೆಲದ ಮೇಲಿದೆ, ಬೆರಳಿಗೆ ಗ್ರೀಸ್ ಮೆತ್ತಿದೆ. ಅವರಿಗೆ ಬೇಕಾದದ್ದು ಮುಂದಿನ ಹೆಜ್ಜೆ ಅಷ್ಟೇ, ಆ ಹೊತ್ತಿನಲ್ಲಿ ಏನನ್ನೂ ಕೊಳ್ಳುವುದಿಲ್ಲ. ಪಂಪ್ ಪುಟಕ್ಕೆ ಬಂದವರು ಹಾಗಲ್ಲ. ದುಡ್ಡು ಖರ್ಚು ಮಾಡುವ ಮನಸ್ಸು ಮಾಡಿಯೇ ಬಂದಿದ್ದಾರೆ. ಯಾವುದಕ್ಕೆ ಅನ್ನೋದೊಂದೇ ಬಾಕಿ.

ಈಗ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿ ನೋಡಿ. ಸಾವಿರ ಪೇಜ್ ವ್ಯೂಗೆ ಸಿಗುವ ಆದಾಯಕ್ಕೆ ಆರ್‌ಪಿಎಂ ಅನ್ನುತ್ತಾರೆ. ಅದು ಒಂದು ಡಾಲರ್ ಅಂದುಕೊಳ್ಳಿ. ಪಂಕ್ಚರ್ ಪುಟವನ್ನು ತಿಂಗಳಿಗೆ 4,000 ಸಲ ನೋಡಿದರೆ ಜಾಹೀರಾತಿನಿಂದ ನಾಲ್ಕು ಡಾಲರ್. ಪಂಪ್ ಪುಟಕ್ಕೆ 700 ವ್ಯೂ ಮಾತ್ರ, ಅಲ್ಲಿ ಸಿಗುವುದು 70 ಸೆಂಟ್. ಆದರೆ ಆ 700ರಲ್ಲಿ 60 ಜನ ಲಿಂಕ್ ಒತ್ತಿ, ಮೂವರು 30 ಡಾಲರಿನ ಪಂಪ್ ಕೊಂಡು, ಕಮಿಷನ್ ಶೇ. 4 ಇದ್ದರೆ ಮೂರು ಡಾಲರ್ 60 ಸೆಂಟ್ ಬರುತ್ತದೆ. ಅಂದರೆ ಅದೇ ಪುಟದಲ್ಲಿ ಜಾಹೀರಾತಿನ ಐದು ಪಟ್ಟು. ಅಫಿಲಿಯೇಟ್ ಮಾಡುವವರು ಇದನ್ನು ಇಪಿಸಿ ಅಂತ, ಒಂದು ಕ್ಲಿಕ್ಕಿಗೆ ಎಷ್ಟು ಬಂತು ಅಂತ ನೋಡುತ್ತಾರೆ. ಇಲ್ಲಿ ಅದು ಆರು ಸೆಂಟ್. ಎರಡು ಪ್ರೋಗ್ರಾಂಗಳನ್ನು ಹೋಲಿಸುವಾಗ ಕಮಿಷನ್ ಶೇಕಡಾವಾರು ನೋಡಬೇಡಿ, ಇಪಿಸಿ ನೋಡಿ. ಶೇ. 20 ಕೊಡುವ ಅಂಗಡಿಯಲ್ಲಿ ಯಾರೂ ಕೊಳ್ಳದಿದ್ದರೆ ಆ 20 ಇದ್ದೂ ಇಲ್ಲದ ಹಾಗೆ.

ಹಾಗಾಗಿ ‘ಹೇಗೆ’ ಎಂದು ಹೇಳಿಕೊಡುವ ಪುಟಗಳಿಗೆ ಜಾಹೀರಾತು, ‘ಯಾವುದು’ ಎಂದು ಆರಿಸಿಕೊಡುವ ಪುಟಗಳಿಗೆ ಅಫಿಲಿಯೇಟ್. ಎರಡೂ ಒಂದೇ ಬ್ಲಾಗಿನಲ್ಲಿ ಇರಬಹುದು. ಬರಹ ನಿಮ್ಮದೇ ಆಗಿದ್ದು ಉಪಯೋಗಕ್ಕೆ ಬರುವಂತಿದ್ದರೆ ಅಫಿಲಿಯೇಟ್ ಲಿಂಕ್ ಇರೋದಕ್ಕೆ ಆಡ್‌ಸೆನ್ಸ್ ಅಡ್ಡಿ ಮಾಡುವುದಿಲ್ಲ.

ಜಾಹೀರಾತಿಗೆ ನಿಮ್ಮ ಹಂತದಲ್ಲಿ ಆಡ್‌ಸೆನ್ಸ್‌ನಿಂದಲೇ ಶುರು ಮಾಡಿ. 2003ರಿಂದ ನಡೆದುಕೊಂಡು ಬಂದಿದೆ. ಕನಿಷ್ಠ ಇಷ್ಟು ಓದುಗರಿರಬೇಕು ಅನ್ನುವ ಮಿತಿ ಇಲ್ಲ. ನಿಮ್ಮ ಬ್ಲಾಗಿನ ಭಾಷೆ ಅವರ ಪಟ್ಟಿಯಲ್ಲಿದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಖಾತೆಯಲ್ಲಿ 10 ಡಾಲರ್ ಆದಾಗ ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಪಿನ್ ಕಳಿಸುತ್ತಾರೆ, ಅದನ್ನು ಹಾಕಿ ವಿಳಾಸ ಖಚಿತಪಡಿಸಬೇಕು. 100 ಡಾಲರ್ ತುಂಬಿದ ಮೇಲೆ ಮುಂದಿನ ತಿಂಗಳ 21ರಿಂದ 26ರ ಒಳಗೆ ದುಡ್ಡು ಕಳಿಸುತ್ತಾರೆ. ಮೊದಲು ಮುಖ್ಯವಾಗಿ ಕ್ಲಿಕ್ಕಿಗೆ ದುಡ್ಡು ಕೊಡುತ್ತಿದ್ದರು, 2024ರ ಆರಂಭದಿಂದ ಜಾಹೀರಾತು ಕಾಣಿಸಿದ್ದಕ್ಕೆ ಕೊಡುತ್ತಾರೆ. ಹಳೆಯ ಸಲಹೆಗಳನ್ನು ಓದುವಾಗ ಇದು ನೆನಪಿರಲಿ. ಮೇಲಿನ ಲೆಕ್ಕದಂತೆ ನಿಮಗೆ ತಿಂಗಳಿಗೆ 12 ಡಾಲರ್ ಬಂದರೆ, ಮೊದಲ ಸಲ 100 ತುಂಬಲು ಒಂಬತ್ತು ತಿಂಗಳು ಬೇಕು. ಇದನ್ನು ಈಗಲೇ ತಿಳಿದುಕೊಂಡರೆ ಮೂರನೇ ತಿಂಗಳಿಗೆ ಬೇಸರ ಆಗುವುದಿಲ್ಲ.

ಮೀಡಿಯಾವೈನ್, ರಾಪ್ಟಿವ್‌ನಂಥ ಜಾಹೀರಾತು ಕಂಪನಿಗಳು ಮುಂದಿನ ಮೆಟ್ಟಿಲು. ಜಾಹೀರಾತಿನ ಜಾಗವನ್ನು ಅವರೇ ನಿಭಾಯಿಸುತ್ತಾರೆ, ಆರ್‌ಪಿಎಂ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಆದರೆ ಓದುಗರ ಸಂಖ್ಯೆ ಇಲ್ಲವೇ ಆದಾಯ ನೋಡಿ ಸೇರಿಸಿಕೊಳ್ಳುತ್ತಾರೆ. ಮೀಡಿಯಾವೈನ್ ಬಹಳ ಕಾಲ ತಿಂಗಳಿಗೆ 50,000 ಸೆಷನ್ ಕೇಳುತ್ತಿತ್ತು. 2024ರಲ್ಲಿ ಸಣ್ಣ ಬ್ಲಾಗುಗಳಿಗಾಗಿಯೇ ಜರ್ನಿ ಅನ್ನುವ ವಿಭಾಗ ತೆರೆಯಿತು. ಈ ಮಿತಿಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಅವರ ಪುಟದಲ್ಲೇ ನೋಡಿ. ಸೆಷನ್ ಬೇರೆ, ಪೇಜ್ ವ್ಯೂ ಬೇರೆ ಅನ್ನೋದೂ ಗಮನದಲ್ಲಿರಲಿ. ಒಬ್ಬರು ಒಂದು ಸಲ ಬಂದು ಮೂರು ಪುಟ ಓದಿದರೆ ಪೇಜ್ ವ್ಯೂ ಮೂರು, ಸೆಷನ್ ಒಂದೇ.

ಇನ್ನು ಆ ಐದು ಪಟ್ಟಿನ ಮೇಲ್. ಬೆಳ್ಳಗಿರೋದೆಲ್ಲ ಹಾಲಲ್ಲ. ಇಂಥದೇ ಒಂದು ಮೇಲ್ ನಂಬಿ ಕೆಲವು ವರ್ಷಗಳ ಹಿಂದೆ ನಾನೂ ಒಂದು ನೆಟ್‌ವರ್ಕ್ ಸೇರಿದ್ದೆ. ಮೂರೇ ತಿಂಗಳಲ್ಲಿ ಡ್ಯಾಶ್‌ಬೋರ್ಡ್ 140 ಡಾಲರ್ ತೋರಿಸಿತು. ತುಂಬ ಖುಷಿಯಾಗಿತ್ತು. ದುಡ್ಡು ಕೇಳಿದಾಗ 60 ದಿನ ಕಾಯಿರಿ ಅಂದರು. 60 ದಿನ ಕಳೆದ ಮೇಲೆ, ಜಾಹೀರಾತುದಾರರು ನಮಗೇ ಕೊಟ್ಟಿಲ್ಲ ಅಂತ ಹೇಳಿ ಆ ಮೊತ್ತದ ಬಹುಪಾಲನ್ನು ಅಳಿಸಿಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದಕ್ಕಿಂತ ಹೆಚ್ಚು ನೋವಾಗಿದ್ದು ಒಬ್ಬ ಹಳೆಯ ಓದುಗರ ಪತ್ರ ಬಂದಾಗ: ‘ನಿಮ್ಮ ಪುಟದ ಮೇಲೆ ಎಲ್ಲಿ ಒತ್ತಿದರೂ ಹಿಂದೆ ಲಾಟರಿ ಪುಟ ತೆರೆದುಕೊಳ್ಳುತ್ತದೆ.’ ನನ್ನ ಫೋನಿನಲ್ಲಿ ನಾನು ಒಂದು ಸಲವೂ ನೋಡಿರಲಿಲ್ಲ. ಅವತ್ತೇ ಕೋಡ್ ತೆಗೆದೆ. ಆ ಓದುಗರಿಗೆ ಏನು ಉತ್ತರ ಬರೆಯಲಿ ಅಂತ ಬಹಳ ಹೊತ್ತು ಕೂತಿದ್ದೆ.

ಅದಕ್ಕೇ ಹೇಳುತ್ತೇನೆ, ನಿಮಗೆ ಮೇಲ್ ಕಳಿಸಿದ ನೆಟ್‌ವರ್ಕ್‌ಗೆ ಮರುಉತ್ತರ ಬರೆದು ಈ ವಿಷಯಗಳನ್ನು ಕೇಳಿ. ಕನಿಷ್ಠ ಎಷ್ಟಾದರೆ ದುಡ್ಡು ಕೊಡುತ್ತೀರಿ? ತಿಂಗಳು ಮುಗಿದ ಎಷ್ಟು ದಿನಕ್ಕೆ? ನೆಟ್-30 ಅಂದರೆ 30 ದಿನ, ನೆಟ್-60 ಅಂದರೆ 60. ತೋರಿಸಿದ ಮೊತ್ತವನ್ನು ಯಾವ ಕಾರಣಕ್ಕೆ ಕಡಿತ ಮಾಡುತ್ತೀರಿ? ಪಾಪ್‌ಅಂಡರ್ (ಹಿಂದೆ ತಾನಾಗಿ ತೆರೆದುಕೊಳ್ಳುವ ಜಾಹೀರಾತು ಪುಟ), ನೋಟಿಫಿಕೇಶನ್ ಜಾಹೀರಾತು, ಬೇರೆ ಪುಟಕ್ಕೆ ತಳ್ಳುವ ಜಾಹೀರಾತು ಇವೆಯಾ? ಜೂಜು, ಸಾಲದ ಆಪ್‌ನಂಥ ವಿಭಾಗಗಳನ್ನು ನಾನೇ ತಡೆಯಬಹುದಾ? ಒಪ್ಪಂದ ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು? ಇವಕ್ಕೆ ನೇರ ಉತ್ತರ ಕೊಡದವರು ದುಡ್ಡನ್ನೂ ನೇರವಾಗಿ ಕೊಡುವುದಿಲ್ಲ.

ಇನ್ನೊಂದು ಪರೀಕ್ಷೆ ಇದೆ, ಹೊಸಬರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆಡ್ಸ್ ಡಾಟ್ ಟಿಎಕ್ಸ್‌ಟಿ ಅನ್ನುವ ಸಣ್ಣ ಫೈಲ್ ಒಂದಿದೆ. ನಕಲಿ ಹೆಸರಲ್ಲಿ ಜಾಹೀರಾತಿನ ಜಾಗ ಮಾರುವುದನ್ನು ತಡೆಯಲು ಆನ್‌ಲೈನ್ ಜಾಹೀರಾತಿಗೆ ಮಾನದಂಡ ರೂಪಿಸುವ ಐಎಬಿ ಟೆಕ್ ಲ್ಯಾಬ್ ಅನ್ನುವ ಸಂಸ್ಥೆ 2017ರಲ್ಲಿ ಇದನ್ನು ತಂದಿತು. ನಿಮ್ಮ ಜಾಗವನ್ನು ಯಾರ್‍ಯಾರು ಮಾರಬಹುದು ಅಂತ ನೀವೇ ಅದರಲ್ಲಿ ಬರೆದಿಡುತ್ತೀರಿ. ನೆಟ್‌ವರ್ಕ್‌ನವರು ಅದಕ್ಕೆ ಸೇರಿಸಲು ಸಾಲುಗಳನ್ನು ಕಳಿಸುತ್ತಾರೆ. ಪ್ರತಿ ಸಾಲಿನಲ್ಲೂ ‘ಡೈರೆಕ್ಟ್’ ಅಥವಾ ‘ರೀಸೆಲ್ಲರ್’ ಅಂತ ಇರುತ್ತದೆ. ಹೆಸರಿಲ್ಲದ ನೆಟ್‌ವರ್ಕ್ ಕಳಿಸಿದ ಸಾಲುಗಳಲ್ಲಿ ಹೆಚ್ಚಿನವು ರೀಸೆಲ್ಲರ್ ಆಗಿದ್ದರೆ, ನಿಮ್ಮ ಜಾಗ ಸಾಮಾನ್ಯವಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ ಅಂತ ಅರ್ಥ. ಪ್ರತಿ ಕೈಯೂ ತನ್ನ ಪಾಲು ತೆಗೆದುಕೊಳ್ಳುತ್ತದೆ. ಹಾಗಿರುವಾಗ ಐದು ಪಟ್ಟು ಎಲ್ಲಿಂದ ಬರಬೇಕು?

ಅಫಿಲಿಯೇಟ್ ಕಡೆ ಅಮೆಜಾನ್ ಅಸೋಸಿಯೇಟ್ಸ್ ಎಲ್ಲರಿಗೂ ಗೊತ್ತು. 1996ರಿಂದ ಇದೆ. ಅದರ ಮೂರು ನಿಯಮಗಳನ್ನು ಸೇರುವ ಮೊದಲೇ ತಿಳಿದುಕೊಳ್ಳಿ. ಸೇರಿದ 180 ದಿನಗಳಲ್ಲಿ ಕನಿಷ್ಠ ಮೂರು ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತಾರೆ. ಹಾಗಾಗಿ ಪಂಪ್ ಪುಟದಂಥ ನಾಲ್ಕೈದು ಪುಟ ಸಿದ್ಧವಾಗುವ ತನಕ ಅರ್ಜಿ ಹಾಕಬೇಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಗುತ್ತದೆ. ಎರಡನೆಯದು, ಲಿಂಕ್ ಒತ್ತಿದ 24 ಗಂಟೆಯೊಳಗೆ ಕೊಂಡರೆ, ಇಲ್ಲವೇ ಕಾರ್ಟಿಗೆ ಹಾಕಿಟ್ಟು ಸುಮಾರು 90 ದಿನದೊಳಗೆ ಕೊಂಡರೆ ಮಾತ್ರ ಕಮಿಷನ್. ಯೋಚನೆ ಮಾಡಿ ವಾರ ಬಿಟ್ಟು ಕೊಳ್ಳುವಂಥ ದುಬಾರಿ ವಸ್ತುವಿಗೆ ಇದು ಸಾಲದು. ಅಂಥವಕ್ಕೆ 30 ದಿನ ಲೆಕ್ಕ ಇಡುವ ಪ್ರೋಗ್ರಾಂ ಹುಡುಕಿ. ಆವಿನ್, ಸಿಜೆ, ರಾಕುಟೆನ್, ಇಂಪ್ಯಾಕ್ಟ್‌ನಂಥ ಮಧ್ಯವರ್ತಿಗಳ ಬಳಿ ಬೇರೆ ಬೇರೆ ಕಂಪನಿಗಳ ಪ್ರೋಗ್ರಾಂಗಳು ಒಂದೇ ಕಡೆ ಸಿಗುತ್ತವೆ. ಮೂರನೆಯದು, ಬೆಲೆಯನ್ನು ನೀವೇ ಟೈಪ್ ಮಾಡಿ ಹಾಕುವಂತಿಲ್ಲ. ಅದು ನಾಳೆ ಬದಲಾಗಿರುತ್ತದೆ.

ಅಮೆಜಾನ್ ಒಂದರ ಮೇಲೇ ನಿಲ್ಲಲೂ ಬೇಡಿ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ಶೇ. 8ರಿಂದ 3ಕ್ಕೆ ಇಳಿಸಿತು. ಅದನ್ನೇ ನಂಬಿದ್ದವರ ಆದಾಯ ಅರ್ಧಕ್ಕಿಂತ ಕೆಳಗೆ ಹೋಯಿತು, ಅವರ ಬರಹದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಪ್ರಶ್ನೆ: ‘ಇದು ಅಫಿಲಿಯೇಟ್ ಲಿಂಕ್, ನನಗೆ ಕಮಿಷನ್ ಬರುತ್ತದೆ’ ಅಂತ ಬರೆದರೆ ಓದುಗರು ಲಿಂಕ್ ಒತ್ತುವುದಿಲ್ಲ ಅನ್ನೋ ಭಯ. ಹೇಳಲೇಬೇಕಾ?

ಉತ್ತರ: ಹೇಳಲೇಬೇಕು. ಎಷ್ಟೋ ದೇಶಗಳ ಗ್ರಾಹಕ ಕಾನೂನು ಕೇಳುತ್ತದೆ, ಅಮೆಜಾನ್‌ನಂಥ ಪ್ರೋಗ್ರಾಂಗಳ ಒಪ್ಪಂದದಲ್ಲೂ ಇದೆ. ಪುಟದ ತಳದಲ್ಲಿ ಚಿಕ್ಕ ಅಕ್ಷರದಲ್ಲಿ ಬೇಡ, ಮೊದಲ ಲಿಂಕಿಗಿಂತ ಮೇಲೆ ಒಂದು ಸರಳ ವಾಕ್ಯ ಸಾಕು: ‘ಈ ಲಿಂಕ್ ಮೂಲಕ ಕೊಂಡರೆ ನನಗೆ ಸ್ವಲ್ಪ ಕಮಿಷನ್ ಬರುತ್ತದೆ, ನಿಮಗೆ ಬೆಲೆ ಹೆಚ್ಚಾಗುವುದಿಲ್ಲ.’ ಜೊತೆಗೆ ಲಿಂಕಿನ ಕೋಡಿನಲ್ಲಿ ‘ಸ್ಪಾನ್ಸರ್ಡ್’ ಅನ್ನುವ ಗುರುತು ಹಾಕಿ. ಸರ್ಚ್ ಎಂಜಿನ್‌ಗೆ ತಿಳಿಯಲಿ ಅಂತ ಗೂಗಲ್ 2019ರಲ್ಲಿ ಅದನ್ನು ತಂದಿದೆ.

ಭಯದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಓದುಗರನ್ನು ದೂರ ಮಾಡುವುದು ಆ ವಾಕ್ಯ ಅಲ್ಲ, ಬರೀ ಹೊಗಳಿಕೆ. ಒಂದು ಪಂಪಿನ ಬಗ್ಗೆ ‘ಬಹಳ ಚೆನ್ನಾಗಿದೆ, ಎಲ್ಲರಿಗೂ ಸೂಕ್ತ’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಇದರ ಬಾಯಿ ದಪ್ಪ ವಾಲ್ವಿಗೆ ಮಾತ್ರ ಕೂರುತ್ತದೆ, ನಿಮ್ಮದು ತೆಳ್ಳಗಿನ ಪ್ರೆಸ್ಟಾ ವಾಲ್ವ್ ಆದರೆ ಕೊಳ್ಳಬೇಡಿ’ ಅಂತ ಬರೆದು ನೋಡಿ. ಪ್ರೆಸ್ಟಾ ಇರುವವರು ಆ ಪಂಪ್ ಕೊಳ್ಳುವುದಿಲ್ಲ, ನಿಜ. ಆದರೆ ಕೊಂಡು ಮೋಸ ಹೋಗಿ ವಾಪಸ್ ಕಳಿಸುವುದೂ ಇಲ್ಲ. ವಾಪಸಾದ ಮಾಲಿಗೆ ನಿಮ್ಮ ಕಮಿಷನ್ನೂ ವಾಪಸ್ ಹೋಗುತ್ತದೆ, ಅಲ್ವಾ? ಕೆಳಗೆ ಪ್ರೆಸ್ಟಾಗೆ ಹೊಂದುವ ಇನ್ನೊಂದು ಪಂಪ್ ತೋರಿಸಿ. ಹೆಚ್ಚಿನವರು ಅದನ್ನೇ ತೆರೆದು ನೋಡುತ್ತಾರೆ.

ಪ್ರಶ್ನೆ: ಮನೆಯವರೆಲ್ಲ ಸುಮ್ನೆ ಸಹಾಯಕ್ಕೆ ಅಂತ ನನ್ನ ಬ್ಲಾಗಿನ ಜಾಹೀರಾತು ಒತ್ತುತ್ತಿದ್ದರು. ಆಡ್‌ಸೆನ್ಸ್ ಖಾತೆ ನಿಲ್ಲಿಸಿದ್ದಾರೆ. ಬೇರೆ ಹೆಸರಲ್ಲಿ ಹೊಸದು ತೆರೆಯಲೇ?

ಉತ್ತರ: ಬೇಡ. ಹೊಸದನ್ನೂ ಮುಚ್ಚುತ್ತಾರೆ, ಹಳೆಯದು ಮರಳುವ ದಾರಿಯೂ ಹೋಗುತ್ತದೆ. ಮನವಿ ಸಲ್ಲಿಸುವ ಫಾರ್ಮ್ ಇದೆ. ಏನಾಯಿತೋ ಅದನ್ನೇ ಬರೆಯಿರಿ: ಯಾರು ಒತ್ತಿದರು, ಯಾವಾಗಿನಿಂದ, ಈಗ ಏನು ನಿಲ್ಲಿಸಿದ್ದೀರಿ. ಅವರಿಗೆ ಗೊತ್ತಿಲ್ಲವೆಂದು ಮುಚ್ಚಿಡಬೇಡಿ, ಕ್ಲಿಕ್ಕಿನ ದಾಖಲೆ ಅವರ ಬಳಿ ಇರುತ್ತದೆ. ಒಪ್ಪದಿದ್ದರೆ ಅಫಿಲಿಯೇಟ್ ಪುಟಗಳ ಕಡೆ ಗಮನ ಕೊಡಿ. ಅಲ್ಲೂ ಎಷ್ಟೋ ಪ್ರೋಗ್ರಾಂಗಳಲ್ಲಿ ನಿಮ್ಮದೇ ಲಿಂಕಿನಿಂದ ನೀವೇ ಕೊಳ್ಳುವಂತಿಲ್ಲ, ಇದನ್ನು ಮನೆಯವರಿಗೂ ಈಗಲೇ ಹೇಳಿಡಿ.