ಸಂಪಾದಕರ ಉತ್ತರ: ಯೂಜೆನಿಯ ತಪ್ಪು ಜುಲೈನದಲ್ಲ, ಆಗಸ್ಟಿನದು

ಮಾನ್ಯರೇ,

ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿ 1870ರ ಜುಲೈನಲ್ಲಿ ಫ್ರಾನ್ಸ್ ಜರ್ಮನ್ ರಾಜ್ಯ ಪ್ರಷ್ಯದ ಮೇಲೆ ಸಾರಿದ ಯುದ್ಧವನ್ನು ‘ಇದು ನನ್ನ ಯುದ್ಧ’ ಎಂದಳಂತೆ, ಸಾಮ್ರಾಜ್ಯ ಮುಳುಗಿದ್ದು ಅವಳಿಂದಲೇ ಅಲ್ಲವೇ, ಆಮೇಲೆ ಅವಳ ಗತಿ ಏನಾಯಿತು ಎಂದು ಕೇಳಿದ್ದೀರಿ.

ಆ ಮಾತನ್ನು ಅವಳು ನಿರಾಕರಿಸುತ್ತಲೇ ಬಂದಳು. ಯುದ್ಧ ಬೇಕೆಂದವರಲ್ಲಿ ಅವಳೂ ಇದ್ದಳು, ನಿಜ. ಆದರೆ ಪ್ರಷ್ಯದ ರಾಜನದೇ ಆದ ಹೊಹೆನ್‌ಜೋಲರ್ನ್ ಮನೆತನದ ಲಿಯೊಪೋಲ್ಡ್ ಸ್ಪೇನಿನ ಸಿಂಹಾಸನದ ಆಸೆ ಬಿಟ್ಟ ಮೇಲೂ ಮುಂದೆಂದೂ ಅಂಥ ಆಸೆಗೆ ಒಪ್ಪುವುದಿಲ್ಲವೆಂದು ಪ್ರಷ್ಯದ ರಾಜನಿಂದ ಭರವಸೆ ಬೇಕೆಂದು ಪಟ್ಟು ಹಿಡಿದವನು ಫ್ರಾನ್ಸಿನ ವಿದೇಶಾಂಗ ಮಂತ್ರಿ ಗ್ರಾಮೋಂ. ಆ ಬೇಡಿಕೆಗೆ ರಾಜ ಕೊಟ್ಟ ಉತ್ತರವನ್ನು ತಿಳಿಸಿದ ಎಮ್ಸ್ ಊರಿನ ತಂತಿಯನ್ನು ಕತ್ತರಿಸಿ, ಖಾರ ಮಾಡಿ ಪತ್ರಿಕೆಗಳಿಗೆ ಕೊಟ್ಟವನು ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್. ಸೋತ ಮೇಲೆ ದೂರನ್ನೆಲ್ಲ ಸ್ಪೇನಿನಲ್ಲಿ ಹುಟ್ಟಿದ ಯೂಜೆನಿಯ, ‘ಆ ಸ್ಪೇನಿನವಳ’, ತಲೆಗೆ ಕಟ್ಟುವುದು ಎಲ್ಲರಿಗೂ ಸಲೀಸಾಯಿತು.

ಅವಳಿಗೆ ಅಧಿಕಾರವೇ ಇರಲಿಲ್ಲ ಎಂದಲ್ಲ. ಗಂಡ ಮೂರನೆಯ ನೆಪೋಲಿಯನ್ ದೇಶದಲ್ಲಿಲ್ಲದಾಗ, ಇಲ್ಲವೇ ರಣರಂಗದಲ್ಲಿದ್ದಾಗ, 1859, 1865, 1870ರಲ್ಲಿ ಅವಳೇ ರಾಜಪ್ರತಿನಿಧಿ. 1865ರಲ್ಲಿ ಆ ಅವಕಾಶ ಬಳಸಿಕೊಂಡು ಚಿತ್ರಕಲಾವಿದೆ ರೋಜಾ ಬೋನರ್ ಮನೆಗೇ ಹೋಗಿ ಫ್ರಾನ್ಸಿನ ಉನ್ನತ ಗೌರವವಾದ ಲೀಜನ್ ಆಫ್ ಆನರ್ ಪದಕ ತೊಡಿಸಿದಳು. ಮಹಿಳಾ ಕಲಾವಿದರಲ್ಲಿ ಅದು ಮೊದಲು. ಫ್ರೆಂಚ್ ಸೈನ್ಯದ ಬಲದಿಂದ ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್‌ನನ್ನು ಮೆಕ್ಸಿಕೋದ ಚಕ್ರವರ್ತಿಯಾಗಿ ಕೂರಿಸಿದ ಸಾಹಸಕ್ಕೆ ಒತ್ತಾಸೆಯಾಗಿ ನಿಂತದ್ದೂ ಅವಳೇ. ಅದು ಮುಗಿದದ್ದು 1867ರ ಜೂನ್ 19ರಂದು, ಮ್ಯಾಕ್ಸಿಮಿಲಿಯನ್ ಗುಂಡಿಗೆ ಬಲಿಯಾಗುವುದರೊಂದಿಗೆ.

ನಮ್ಮ ಮಟ್ಟಿಗೆ ಅವಳ ಅತಿದೊಡ್ಡ ತಪ್ಪು 1870ರ ಆಗಸ್ಟಿನದು. 17ರಂದು ಶಾಲೋನ್ ಶಿಬಿರದಲ್ಲಿ ಸೇನಾನಿಗಳು ಲೆಕ್ಕ ಹಾಕಿದ್ದು ಸರಿಯಾಗಿಯೇ ಇತ್ತು: ಚಕ್ರವರ್ತಿ ಪ್ಯಾರಿಸಿಗೆ ಮರಳಬೇಕು, ಸೇನಾಪತಿ ಮೆಕ್‌ಮಹೋನನ ಸೈನ್ಯ ಹಿಂದೆ ಸರಿದು ರಾಜಧಾನಿಯನ್ನು ಕಾಯಬೇಕು. ಯೂಜೆನಿ ಒಪ್ಪಲಿಲ್ಲ. ಸೋತ ಗಂಡ ಬರಿಗೈಯಲ್ಲಿ ಬಂದರೆ ಊರು ದಂಗೆ ಏಳುತ್ತದೆಂಬ ಭಯ. ಪ್ರಧಾನಿ ಪಾಲಿಕಾವ್‌ನದೂ ಅದೇ ರಾಗ. 27ರಂದು ಮೆಕ್‌ಮಹೋನ್ ಅಪಾಯ ಅರಿತು ಹಿಂದಿರುಗಲು ಹೊರಟರೂ, ಮೆಟ್ಜ್ ಕೋಟೆನಗರದಲ್ಲಿ ಸಿಕ್ಕಿಬಿದ್ದಿದ್ದ ಇನ್ನೊಬ್ಬ ಫ್ರೆಂಚ್ ಸೇನಾಪತಿ ಬಾಜೇನನನ್ನು ಕೈಬಿಟ್ಟರೆ ಪ್ಯಾರಿಸಿನಲ್ಲಿ ಕ್ರಾಂತಿ ಖಚಿತ ಎಂದು ಪಾಲಿಕಾವ್ ತಂತಿ ಕಳಿಸಿದ. ಸೈನ್ಯ ಮತ್ತೆ ಪೂರ್ವಕ್ಕೆ ತಿರುಗಿ ಸೆಡಾನ್‌ನಲ್ಲಿ ಬೋನಿಗೆ ಬಿತ್ತು. ಸೆಪ್ಟೆಂಬರ್ 2ರಂದು ಸುಮಾರು 83,000 ಮಂದಿ ಶರಣಾದರು, ಜೊತೆಗೆ ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದ ಚಕ್ರವರ್ತಿಯೂ. ಯಾವ ಕ್ರಾಂತಿಗೆ ಹೆದರಿದ್ದಳೋ ಅದು 4ರಂದು ಬಂದೇ ಬಂತು.

ಲೂವ್ರ್ ಮೂಲಕ ತಪ್ಪಿಸಿಕೊಂಡು ಅಮೆರಿಕನ್ ದಂತವೈದ್ಯ ಥಾಮಸ್ ಇವಾನ್ಸ್ ನೆರವಿನಿಂದ ಇಂಗ್ಲೆಂಡ್ ಸೇರಿದಳು. 1873ರಲ್ಲಿ ಗಂಡ ತೀರಿಕೊಂಡ. 1879ರಲ್ಲಿ ಒಬ್ಬನೇ ಮಗ ಜುಲು ಯುದ್ಧದಲ್ಲಿ ಸತ್ತ. ಫ್ರಾನ್ಸಿನ ಗಡಿ ಪ್ರಾಂತಗಳಾದ ಅಲ್ಸೇಸ್-ಲೊರೇನ್ ಬೇಕಿರುವುದು ಫ್ರೆಂಚ್ ಸೈನ್ಯವನ್ನು ದೂರವಿಡಲಿಕ್ಕೆ, ನಾಡು ಹಿಗ್ಗಿಸಲಿಕ್ಕಲ್ಲ ಎಂದು ಪ್ರಷ್ಯದ ರಾಜ ವಿಲ್‌ಹೆಲ್ಮ್ 1870ರ ಅಕ್ಟೋಬರ್ 26ರಂದು ಅವಳಿಗೆ ಬರೆದಿದ್ದ. ಮೊದಲನೆಯ ಮಹಾಯುದ್ಧದ ಕೊನೆಗಾಲದಲ್ಲಿ ಆ ಪತ್ರವನ್ನು ಅವಳು ಫ್ರಾನ್ಸಿನ ಪ್ರಧಾನಿ ಕ್ಲೆಮಾಂಸೋಗೆ ಒಪ್ಪಿಸಿದಳು. ಆ ಪ್ರಾಂತಗಳು ಫ್ರಾನ್ಸಿಗೆ ಮರಳಿದ್ದನ್ನು ಕಣ್ಣಾರೆ ಕಂಡು, 1920ರ ಜುಲೈ 11ರಂದು, 94ರ ಹರೆಯದಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡಳು.

— ಸಂ.