ಗೆಳತಿಯನ್ನು ಮಾರನೇ ದಿನ ಕರೆದರೆ ಸಾಕಾ?

ಪ್ರಶ್ನೆ: ನಾನು ಧಾರವಾಡದಲ್ಲಿ ಓದಿದವಳು. ಈಗ ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಮನೆ ಕೊಂಡಿದ್ದೇವೆ, ಮುಂದಿನ ತಿಂಗಳು ಗೃಹಪ್ರವೇಶ. ನನ್ನ ಹಾಸ್ಟೆಲ್ ಗೆಳತಿಯೂ ಇದೇ ಊರಿನಲ್ಲಿದ್ದಾಳೆ. 2020ರ ಲಾಕ್‌ಡೌನ್‌ನಲ್ಲಿ ಗಂಡನ ಕೆಲಸ ಹೋದ ಮೇಲೆ ಮನೆಯಲ್ಲೇ ಜೋಳದ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಡಿಗ್ರಿಯ ಕೊನೆಯ ವರ್ಷ ಓಲೆ ಅಡವಿಟ್ಟು ನನ್ನ ಪರೀಕ್ಷೆ ಫೀಸು ಕಟ್ಟಿದವಳು ಅವಳು. "ಆ ದಿನ ನಮ್ಮ ಆಫೀಸಿನ ದೊಡ್ಡವರೆಲ್ಲ ಬರುತ್ತಾರೆ, ಅವಳನ್ನು ಮಾರನೇ ದಿನ ಕರಿ. ಬೇಕಾದರೆ ರೊಟ್ಟಿ ಆರ್ಡರ್ ಅವಳಿಗೇ ಕೊಡೋಣ" ಎನ್ನುತ್ತಾರೆ ನಮ್ಮವರು. ಜಗಳ ಬೇಡ ಅಂತ ಸುಮ್ಮನಿದ್ದೇನೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಆ ದಿನವೇ ಕರೆಯಿರಿ. ಬೆಳಿಗ್ಗೆ ಪೂಜೆಗೇ ಬಾ ಅಂತ ಹೇಳಿ ಕರೆಯಿರಿ.

ಮಾರನೇ ದಿನ ಕರೆದರೆ ಯಾರಿಗೂ ಬೇಜಾರಾಗುವುದಿಲ್ಲ ಅಂತ ನಿಮ್ಮ ಯಜಮಾನರು ಅಂದುಕೊಂಡಿರಬಹುದು. ಆದರೆ ಅವಳು ಬರುವ ಹೊತ್ತಿಗೆ ತೋರಣ ಬಾಡಿರುತ್ತದೆ, ಬಾಡಿಗೆ ಕುರ್ಚಿಗಳು ಲಿಫ್ಟ್ ಹತ್ತಿರ ಪೇರಿಸಿರುತ್ತವೆ, ನೀವು ಉಳಿದ ಹೋಳಿಗೆ ಬಿಸಿ ಮಾಡಿ ಬಡಿಸುತ್ತೀರಿ. ನಿನ್ನೆ ಯಾಕೆ ಕರೆಯಲಿಲ್ಲ ಅಂತ ಅವಳು ಕೇಳುವುದಿಲ್ಲ. ಕೇಳುವ ಅಗತ್ಯವೂ ಇರುವುದಿಲ್ಲ.

ರೊಟ್ಟಿ ಆರ್ಡರ್ ಮಾತು ಓದಿ ನನಗೆ ಇನ್ನೂ ಜಾಸ್ತಿ ನೋವಾಯಿತು. ಅವಳ ರೊಟ್ಟಿಯನ್ನು ವರ್ಷವಿಡೀ ಕೊಳ್ಳಿ, ಅದು ಅವಳ ದುಡಿಮೆ. ಆ ಒಂದು ದಿನ ಬೇಡ. ಆರ್ಡರ್ ಕೊಟ್ಟರೆ ಅವಳು ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯಬೇಕು, ಡಬ್ಬ ಹೊತ್ತು ಸರ್ವಿಸ್ ಲಿಫ್ಟ್‌ನಲ್ಲಿ ಬರಬೇಕು, ಅಡುಗೆಯವರಿಗೆ ಎಣಿಸಿ ಕೊಡಬೇಕು. ಆಮೇಲೆ "ಊಟ ಮಾಡ್ಕೊಂಡು ಹೋಗೇ" ಅಂತ ನೀವು ಎಷ್ಟೇ ಪ್ರೀತಿಯಿಂದ ಹೇಳಿದರೂ ಅವಳು ಬಂದದ್ದು ಕೆಲಸಕ್ಕೇ ಅಲ್ವಾ?

ಮಗನಿಗೆ ಹಾಲಿಲ್ಲದ ಬಡತನದಲ್ಲಿದ್ದ ದ್ರೋಣ, ಹಳೆಯ ಗೆಳೆಯ ಅಂತ ನಂಬಿ ದ್ರುಪದನ ಬಳಿ ಹೋಗಿದ್ದ. ರಾಜನಿಗೂ ಬಡವನಿಗೂ ಎಲ್ಲಿಯ ಸ್ನೇಹ ಅಂದುಬಿಟ್ಟ ದ್ರುಪದ. ಬಡತನವನ್ನು ಸಹಿಸಿದ್ದ ದ್ರೋಣನಿಗೆ ಆ ಮಾತನ್ನು ಸಹಿಸಲಾಗಲಿಲ್ಲ.

ನಿಮ್ಮ ಯಜಮಾನರು ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಮೇಲಿನವರ ಮುಂದೆ ಎಲ್ಲಿ ಹಗುರಾಗಿ ಕಾಣುತ್ತೇವೋ ಅನ್ನುವ ಅಂಜಿಕೆ ಅದು. ಅದಿರಲಿ, ಓಲೆಯ ವಿಷಯ ಅವರಿಗೆ ಗೊತ್ತಾ? ಅವರಿಗೆ ಹೇಳಿದ್ದೇನೆ ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಫೀಸು ಕಟ್ಟಲಾಗದ ಮನೆಯಿಂದ ಬಂದವಳು ಅಂತ ಹೇಳಿಕೊಳ್ಳಲು ನಿಮಗೇ ಸಂಕೋಚವಾಗಿರಬಹುದು. ಹಾಗಿದ್ದರೆ ಮೊದಲು ಅದನ್ನು ಹೇಳಿ. ಇವತ್ತು ರಾತ್ರಿಯೇ ಹೇಳಿ. ಅವಳು ಯಾರೋ ರೊಟ್ಟಿ ಮಾರುವವಳಲ್ಲ, ನೀವು ಡಿಗ್ರಿ ಮುಗಿಸಲು ಕಾರಣಳಾದವಳು ಅಂತ ಅವರಿಗೆ ಗೊತ್ತಾಗಲಿ. ಕೇಳಿದ ಮೇಲೂ ಒಪ್ಪದಿದ್ದರೆ, ಜಗಳವಾದರೂ ಸರಿ, ಕರೆಯಿರಿ. ಅದು ನಿಮ್ಮ ಮನೆಯೂ ಹೌದು.

ಆದರೆ ಒಂದು ಮಾತು. ಓಲೆಯ ಕಥೆ ಗಂಡನಿಗೆ ಸಾಕು, ಬಂದವರ ಮುಂದೆ ಬೇಡ. "ಇವಳು ಎಷ್ಟು ಕಷ್ಟಪಟ್ಟಿದ್ದಾಳೆ ಗೊತ್ತಾ" ಅಂತ ಶುರು ಮಾಡಿದರೆ ಅವಳು ಕುಗ್ಗಿಹೋಗುತ್ತಾಳೆ. "ನನ್ನ ಗೆಳತಿ, ಧಾರವಾಡದಲ್ಲಿ ಒಂದೇ ರೂಮಿನಲ್ಲಿದ್ವಿ" ಅಂದರೆ ಸಾಕು. ಏನು ಕೆಲಸ ಅಂತ ಯಾರಾದರೂ ಕೇಳಿದರೆ ಅವಳೇ ಹೇಳಲಿ. ಆಡಿಕೊಳ್ಳುವವರು ಹೇಗೂ ಆಡಿಕೊಳ್ಳುತ್ತಾರೆ, ಅಷ್ಟನ್ನು ನೀವು ತಡೆದುಕೊಳ್ಳಲೇಬೇಕು.

ಗೇಟಿನ ಆ್ಯಪ್‌ನಲ್ಲಿ ಅವಳ ಹೆಸರನ್ನು ಮೊದಲೇ ಅತಿಥಿ ಅಂತ ಹಾಕಿಡಿ, ಸೆಕ್ಯೂರಿಟಿಯವರು ಡೆಲಿವರಿ ಅಂದುಕೊಂಡು ನಿಲ್ಲಿಸುವುದು ಬೇಡ. ಉಡಿ ತುಂಬುವಾಗ ನಿಮ್ಮ ಯಜಮಾನರ ಬಾಸ್ ಹೆಂಡತಿಗೆ ಯಾವ ಖಣ ಇಡುತ್ತೀರೋ ಅವಳಿಗೂ ಅದನ್ನೇ ಇಡಿ. ಗುಳೇದಗುಡ್ಡದ್ದಾದರೆ ಇಬ್ಬರಿಗೂ ಗುಳೇದಗುಡ್ಡದ್ದೇ. ಮತ್ತೆ ವಾಟ್ಸ್ಆ್ಯಪ್‌ನಲ್ಲಿ ಕಾರ್ಡ್ ಕಳಿಸಿ ಮುಗಿಸಬೇಡಿ. ಬರುವ ಭಾನುವಾರ ಯಜಮಾನರನ್ನೂ ಕರೆದುಕೊಂಡು ಅವಳ ಮನೆಗೆ ಹೋಗಿ, ಕುಂಕುಮ ಕೊಟ್ಟು, ಗಂಡ ಹೆಂಡತಿ ಇಬ್ಬರನ್ನೂ ಕರೆದು ಬನ್ನಿ.