ಹಳೆಯ ಧ್ವನಿಮುದ್ರಣಗಳಲ್ಲಿ ಏನಿದೆ?

ನಮಸ್ಕಾರ. ಇಷ್ಟು ಸ್ವಚ್ಛವಾದ ಧ್ವನಿಮುದ್ರಣಗಳು ಸಿಗುವಾಗ, ನೂರು ವರ್ಷ ಹಳೆಯ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕರಕರ ಸದ್ದಿನ ಗ್ರಾಮೊಫೋನ್ ತಟ್ಟೆಗಳನ್ನು ಜನರು ಇನ್ನೂ ಏಕೆ ಕೇಳುತ್ತಾರೆ ಎಂದು ಕೇಳಿದ್ದೀರಿ. ಅದು ಬರೀ ಹಳೆಯದರ ಮೋಹವೆಂದು ನನಗೆ ಅನ್ನಿಸುವುದಿಲ್ಲ.

1831ರಲ್ಲಿ ಹುಟ್ಟಿ, ಜರ್ಮನ್ ಸಂಗೀತ ರಚನಕಾರ ಬ್ರಾಮ್ಸ್ ಅವರ ಆಪ್ತರಾಗಿದ್ದ ಪಿಟೀಲು ವಾದಕ ಜೋಸೆಫ್ ಯೋಆಖಿಮ್ 1903ರಲ್ಲಿ ಕೆಲವು ತಟ್ಟೆಗಳಿಗೆ ನುಡಿಸಿದರು. ಅವುಗಳಲ್ಲಿರುವ ಬ್ರಾಮ್ಸ್ ಅವರ ಹಂಗೇರಿಯನ್ ನೃತ್ಯವನ್ನು ಕೇಳಿ ನೋಡಿ: ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ, ಬೆರಳಿನಿಂದ ಸ್ವರವನ್ನು ನಡುಗಿಸುವ ಕಂಪನ ಬಹಳ ಮಿತವಾಗಿದೆ, ಲಯ ಹಿಗ್ಗುತ್ತದೆ, ಕುಗ್ಗುತ್ತದೆ. ಸ್ವರಲಿಪಿಯ ಹಾಳೆ ಎಂದೂ ತಿಳಿಸಲಾರದ ಈ ನುಡಿಸಾಣಿಕೆಯ ರೀತಿಯನ್ನು, ರಚನಕಾರರ ಕಾಲದವರ ಕೈಯಿಂದಲೇ ಕೇಳುವ ಭಾಗ್ಯ ನಮಗೆ ಸಿಕ್ಕಿರುವುದು ಈ ತಟ್ಟೆಗಳಿಂದ ಮಾತ್ರ.

ಆಗ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ನಾಲ್ಕು ನಿಮಿಷ. ಟೇಪ್ ಕತ್ತರಿಸಿ ತಪ್ಪು ತಿದ್ದುವ ಅನುಕೂಲ ಇನ್ನೂ ಬಂದಿರಲಿಲ್ಲ. ಪಿಯಾನೊ ವಾದಕ ಆರ್ಟುರ್ ಶ್ನಾಬೆಲ್ 1932ರಿಂದ 1935ರ ನಡುವೆ ಬೇತೋವನ್ ಅವರ 32 ಪಿಯಾನೊ ಸೊನಾಟಾಗಳನ್ನು (ಹಲವು ಭಾಗಗಳಿರುವ ಕೃತಿಗಳನ್ನು) ಮುದ್ರಿಸಿದಾಗ, ಅವುಗಳಲ್ಲೊಂದಾದ, ಬೇತೋವನ್ ಕೃತಿಗಳ ಪಟ್ಟಿಯಲ್ಲಿ 106ನೆಯ ಸಂಖ್ಯೆಯ ಸೊನಾಟಾದ ಮೊದಲ ಭಾಗವನ್ನು ಬೇತೋವನ್ ಸೂಚಿಸಿದ ವೇಗದ ಸಮೀಪಕ್ಕೆ ಒಯ್ಯುವ ಸಾಹಸದಲ್ಲಿ ಅಲ್ಲಲ್ಲಿ ಸ್ವರಗಳು ತಪ್ಪಿದವು, ಅವು ಹಾಗೆಯೇ ಉಳಿದಿವೆ. ಆ ಧೈರ್ಯಕ್ಕಾಗಿಯೇ ನಾನು ಅದನ್ನು ಮತ್ತೆ ಮತ್ತೆ ಕೇಳುತ್ತೇನೆ.

ಹೊಸದಾಗಿ ಕೇಳುವವರು ಮೈಕ್ರೊಫೋನ್ ಬಳಕೆಗೆ ಬಂದ 1925ರ ನಂತರದ ಮುದ್ರಣಗಳಿಂದ ಆರಂಭಿಸುವುದು ಒಳ್ಳೆಯದು. ಕರಕರ ಸದ್ದನ್ನು ಪೂರ್ತಿ ಸೋಸಿದ ಪ್ರತಿಗಳಲ್ಲಿ ವಾದ್ಯದ ನಾದವೂ ಸೊರಗಿರುತ್ತದೆ. ಸ್ವಲ್ಪ ಕರಕರ ಉಳಿಸಿಕೊಂಡ ಪ್ರತಿಯನ್ನೇ ಆರಿಸಿಕೊಳ್ಳಿ, ಕೆಲವು ನಿಮಿಷಗಳಲ್ಲಿ ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ.